ಮುಷ್ಟಿಗೂ ಕಿವಿ ಬೇಕು

ಬಾಕ್ಸಿಂಗ್ ಅಭ್ಯಾಸಕ್ಕೆ ಬಳಸುವ ಸಾಧನಗಳಲ್ಲಿ ವಾದ್ಯದ ಹಾಗೆ ನುಡಿಯುವುದು ಸ್ಪೀಡ್ ಬ್ಯಾಗ್ ಒಂದೇ. ತಲೆಯಿಂದ ಸ್ವಲ್ಪ ಮೇಲೆ ಅಡ್ಡಲಾಗಿ ಕೂರಿಸಿದ ದುಂಡನೆಯ ಮರದ ಹಲಗೆ. ಅದರ ನಡುವೆ ಎತ್ತ ಬೇಕಾದರೂ ತಿರುಗುವ ಕೊಂಡಿ. ಕೊಂಡಿಯಿಂದ ಮುಖದ ಮಟ್ಟಕ್ಕೆ ಇಳಿಬಿದ್ದ, ಗಾಳಿ ತುಂಬಿದ, ಹನಿಯಾಕಾರದ ಚರ್ಮದ ಚೀಲ. ಗುದ್ದಿದರೆ ಚೀಲ ಹಿಂದಕ್ಕೆ ಹಾರಿ ಹಲಗೆಗೆ ಬಡಿಯುತ್ತದೆ, ಮುಂದಕ್ಕೆ ಬಂದು ಈಚೆ ಬದಿಗೆ ಬಡಿಯುತ್ತದೆ, ಮತ್ತೊಮ್ಮೆ ಹಿಂದೆ ಹೋಗಿ ಬಡಿಯುತ್ತದೆ, ಆಮೇಲೆ ಮುಷ್ಟಿಯ ಎದುರಿಗೆ ಬರುತ್ತದೆ. ಒಂದು ಗುದ್ದಿಗೆ ಮೂರು ಬಡಿತ. ಇನ್ನೊಂದು ಗುದ್ದು, ಮತ್ತೆ ಮೂರು. ಕೈ ಕುದುರಿದವರು ಇದನ್ನು ಎಡೆಬಿಡದೆ ನಡೆಸುವಾಗ ಕೇಳಿಸುವುದು ತಕಿಟ ತಕಿಟ ತಕಿಟ ಎಂಬ ತಿಶ್ರ ನಡೆ.

ಈ ಚೀಲವನ್ನು ಹಾಡಿಗೆ ಹೊಂದಿಸಿ ಗುದ್ದುವ ಅಭ್ಯಾಸವೊಂದು ಬಹಳ ಕಾಲದಿಂದ ಇದೆ. ಬಾಕ್ಸಿಂಗ್ ಬಲ್ಲವರಲ್ಲಿ ಅನೇಕರು ಅದಕ್ಕೆ ಬೆಲೆ ಕೊಡುವುದಿಲ್ಲ. ಅವರ ಪ್ರಕಾರ ಹಾಡು ಬೇಸರ ಕಳೆಯಲು ಇರುವ ವಸ್ತು, ಹಾಡಿಗೆ ತಕ್ಕಂತೆ ಗುದ್ದುವುದು ನೋಡುವವರ ಮೆಚ್ಚುಗೆಗಾಗಿ ಮಾಡುವ ಚಮತ್ಕಾರ, ಎರಡಕ್ಕೂ ನಿಜವಾದ ಕಾದಾಟಕ್ಕೂ ಸಂಬಂಧವಿಲ್ಲ. ನನಗೆ ಹಾಗನ್ನಿಸುವುದಿಲ್ಲ. ಸ್ಪೀಡ್ ಬ್ಯಾಗಿನ ಮುಂದೆ ನಿಂತವರಿಗೆ ಸಂಗೀತಕ್ಕಿಂತ ಕಟ್ಟುನಿಟ್ಟಾದ ಗುರು ಸಿಗುವುದು ಕಷ್ಟ. ಬಲವನ್ನೇ ನಂಬಿಕೊಂಡ ವಿದ್ಯೆಯಲ್ಲಿ ಬಲವನ್ನು ಕಾಲದ ಅಧೀನಕ್ಕೆ ತರುವ ಶಕ್ತಿ ಅದಕ್ಕಿದೆ. ಈ ಮಾತಿಗೆ ಆಧಾರ ಚೀಲದ ಚಲನೆಯಲ್ಲೇ ಸಿಗುತ್ತದೆ, ಹಾಗಾಗಿ ಅಲ್ಲಿಂದಲೇ ಶುರುಮಾಡುತ್ತೇನೆ.

ದಾರಕ್ಕೆ ಕಟ್ಟಿದ ಲೋಲಕ ಸಣ್ಣ ತೂಗಾಟದಲ್ಲಿ ಇರುವಷ್ಟು ಕಾಲ, ಅದನ್ನು ತುಸು ಹೆಚ್ಚು ದೂರ ಎಳೆದು ಬಿಟ್ಟರೂ ಒಂದು ತೂಗಿಗೆ ಹಿಡಿಯುವ ಸಮಯ ಹೆಚ್ಚುಕಡಿಮೆ ಅಷ್ಟೇ ಎಂದು ಶಾಲೆಯಲ್ಲಿ ಓದಿದ್ದೇವೆ. ಸ್ಪೀಡ್ ಬ್ಯಾಗ್ ನೋಡಲು ಲೋಲಕದಂತಿದ್ದರೂ ಆ ನಿಯಮಕ್ಕೆ ಒಳಪಡುವುದಿಲ್ಲ. ಅದು ತನ್ನಿಷ್ಟದಷ್ಟು ಎತ್ತರಕ್ಕೆ ತೂಗಲು ಹಲಗೆ ಬಿಡುವುದಿಲ್ಲ, ಪ್ರತಿ ಸಲವೂ ತಡೆದು ಹಿಂದಕ್ಕೆ ಕಳಿಸುತ್ತದೆ. ಆದ್ದರಿಂದ ಜೋರಾಗಿ ಗುದ್ದಿದಷ್ಟೂ ಚೀಲ ಬೇಗ ಬಡಿದು ಬೇಗ ಮರಳುತ್ತದೆ. ಮೆಲ್ಲಗೆ ಗುದ್ದಿದರೆ ನಿಧಾನವಾಗಿ ಬರುತ್ತದೆ. ಮೃದಂಗ ನುಡಿಸುವವರು ಒಂದೇ ಕಾಲಪ್ರಮಾಣದಲ್ಲಿ ಮೆಲುವಾಗಿಯೂ ನುಡಿಸಬಹುದು, ಗಟ್ಟಿಯಾಗಿಯೂ ನುಡಿಸಬಹುದು. ಅಲ್ಲಿ ಬಲ ಬೇರೆ, ಕಾಲ ಬೇರೆ. ಸ್ಪೀಡ್ ಬ್ಯಾಗಿನಲ್ಲಿ ಅವೆರಡನ್ನೂ ಬಿಡಿಸಲಾಗದು. ಬಲ ಹೆಚ್ಚಿದರೆ ಕಾಲ ಓಡುತ್ತದೆ, ಬಲ ಕುಗ್ಗಿದರೆ ಕಾಲ ಎಳೆಯುತ್ತದೆ.

ಹಾಡು ಇಲ್ಲದೆ ಅಭ್ಯಾಸ ಮಾಡುವಾಗ ಈ ಗುಣ ಗುದ್ದುವವರ ಗಮನಕ್ಕೇ ಬರುವುದಿಲ್ಲ. ಉತ್ಸಾಹ ಏರಿದಂತೆ ಗುದ್ದು ಜೋರಾಗುತ್ತದೆ, ಚೀಲ ವೇಗವಾಗಿ ಬರುತ್ತದೆ, ಕೈಯೂ ವೇಗವಾಗುತ್ತದೆ. ಅಭ್ಯಾಸ ಚೆನ್ನಾಗಿ ಸಾಗುತ್ತಿದೆ ಎಂಬ ಭಾವನೆ ಮೂಡುತ್ತದೆ. ದಣಿವಾದಾಗ ಎಲ್ಲವೂ ಒಟ್ಟಿಗೆ ನಿಧಾನಗೊಳ್ಳುತ್ತವೆ, ಅದೂ ತಿಳಿಯುವುದಿಲ್ಲ. ಚೀಲ ನಮ್ಮ ಮನಸ್ಸಿನ ಏರಿಳಿತಕ್ಕೆಲ್ಲ ತಲೆಯಾಡಿಸುತ್ತ ಹೋಗುತ್ತದೆ. ಒಂದು ಹಾಡು ಬಂದು ನಡುವೆ ನಿಂತಿತೆಂದರೆ ಈ ಸಲಿಗೆ ಮುಗಿಯುತ್ತದೆ. ಹಾಡು ಯಾರಿಗೂ ಕಾಯುವುದಿಲ್ಲ, ಯಾರೊಡನೆಯೂ ಓಡುವುದಿಲ್ಲ. ಒಂದು ಗುದ್ದಿನಲ್ಲಿ ಕೊಂಚ ಸಿಟ್ಟು ಬೆರೆತರೆ ಹಾಡಿನ ತಾಳದ ಮುಂದಿನ ಘಾತಕ್ಕೆ ಮೊದಲೇ ಚೀಲ ಮುಷ್ಟಿಗೆ ಬಂದಿರುತ್ತದೆ. ಮೂರನೆಯ ನಿಮಿಷದಲ್ಲಿ ಭುಜ ಸೋತು ತೋಳು ಜೋತುಬಿದ್ದರೆ ಘಾತ ಮುಂದೆ ಹೋಗಿರುತ್ತದೆ, ಚೀಲ ಹಿಂದೆ ಉಳಿದಿರುತ್ತದೆ. ಹಾಡಿನ ಜೊತೆ ಇರಬೇಕಾದರೆ ಮೊದಲ ಗುದ್ದೂ ಕೊನೆಯ ಗುದ್ದೂ ಒಂದೇ ತೂಕದಲ್ಲಿರಬೇಕು. ಶಕ್ತಿ ತುಂಬಿರುವಾಗ ತಡೆದುಕೊಳ್ಳಬೇಕು, ಶಕ್ತಿ ತೀರಿದಾಗ ಒದಗಿಸಿಕೊಳ್ಳಬೇಕು. ತಡೆದುಕೊಳ್ಳುವುದೇ ಇವೆರಡರಲ್ಲಿ ಕಷ್ಟದ್ದು. ಹದಿನೆಂಟು ಇಪ್ಪತ್ತರ ಹುಡುಗರಿಗೆ ಜೋರಾಗಿ ಹೊಡೆಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಬೇಕಾದಷ್ಟೇ ಹೊಡೆಯುವುದನ್ನು ಕಲಿಸಬೇಕು, ಬಾಯಿಮಾತಿನಲ್ಲಿ ಅದನ್ನು ಕಲಿಸಲಾಗದು. ಹಾಡು ಕಲಿಸುತ್ತದೆ.

ಈ ಕಾರಣಕ್ಕೇ ಇಂದಿನ ಜಿಮ್‌ಗಳ ಬಗ್ಗೆ ನನ್ನದೊಂದು ಆಕ್ಷೇಪವಿದೆ. ಅಲ್ಲಿ ಸಂಗೀತಕ್ಕೆ ಬರವಿಲ್ಲ, ಗೋಡೆ ನಡುಗುವಷ್ಟು ಇರುತ್ತದೆ. ಆ ಗದ್ದಲದಲ್ಲಿ ಚೀಲ ಹಲಗೆಗೆ ಬಡಿಯುವ ಸದ್ದು ಗುದ್ದುವವರ ಕಿವಿಗೇ ಬೀಳುವುದಿಲ್ಲ. ಸ್ಪೀಡ್ ಬ್ಯಾಗನ್ನು ಕಣ್ಣಿನಿಂದ ಹಿಂಬಾಲಿಸುವುದು ಸ್ವಲ್ಪ ವೇಗದವರೆಗೆ ಮಾತ್ರ ಸಾಧ್ಯ. ಆಮೇಲೆ ಅದೊಂದು ಮಸುಕು ಗೆರೆ. ಆಗ ದಾರಿ ತೋರಿಸುವುದು ಕಿವಿ. ಒಂದು, ಎರಡು, ಮೂರು ಎಂಬ ಬಡಿತಗಳನ್ನು ಕೇಳಿಕೊಂಡೇ ಮುಷ್ಟಿ ಮುಂದೆ ಹೋಗುತ್ತದೆ. ಚೀಲದ ಧ್ವನಿಯನ್ನು ಮುಳುಗಿಸುವ ಸಂಗೀತ ಅಭ್ಯಾಸಕ್ಕೆ ನೆರವಾಗುವುದಿಲ್ಲ, ಅಭ್ಯಾಸದ ಕಣ್ಣನ್ನೇ ಕಟ್ಟುತ್ತದೆ. ಹಾಡು ಮತ್ತು ಚೀಲ ಎರಡೂ ಒಟ್ಟಿಗೆ ಕೇಳಬೇಕು. ಎರಡರ ನಡುವಿನ ಅಂತರ ಕೇಳಬೇಕು. ಆ ಅಂತರವನ್ನು ತಿದ್ದುತ್ತ ಹೋಗುವುದರ ಹೆಸರೇ ಇಲ್ಲಿ ಅಭ್ಯಾಸ.

ಯಾವ ಹಾಡು ಎಂಬುದೂ ಸಣ್ಣ ಪ್ರಶ್ನೆಯಲ್ಲ. ಬಾಕ್ಸಿಂಗ್ ಎಂದೊಡನೆ ಜಗತ್ತಿನ ನೆನಪಿಗೆ ಬರುವ ಹಾಡು 1982ರ 'ರಾಕಿ 3' ಚಿತ್ರಕ್ಕಾಗಿ ಸರ್ವೈವರ್ ತಂಡ ಮಾಡಿದ 'ಐ ಆಫ್ ದಿ ಟೈಗರ್'. ಅದರ ಗಿಟಾರು ಒಂದು ಘಾತವನ್ನು ಸಮನಾಗಿ ನಾಲ್ಕಾಗಿ ಒಡೆಯುತ್ತದೆ, ಅದು ಚತುರಶ್ರ. ಚೀಲವೋ ಒಂದನ್ನು ಮೂರಾಗಿ ಒಡೆಯುತ್ತದೆ. ಗುದ್ದು ಘಾತದ ಮೇಲೆ ಬಿದ್ದರೂ ಒಳಗಿನ ಬಡಿತಗಳು ಹಾಡಿನ ಒಳಗಣ ಎಣಿಕೆಯೊಡನೆ ಸೇರುವುದಿಲ್ಲ. ಹೊಸಬರು ಅದಕ್ಕೆ ಗುದ್ದಲು ಹೋಗಿ ತಮ್ಮಲ್ಲೇ ಏನೋ ಕೊರತೆಯಿದೆ ಎಂದುಕೊಳ್ಳುತ್ತಾರೆ. ಕೊರತೆ ಅವರದ್ದಲ್ಲ. ಅವರಿಗೆ ಬೇಕಾದದ್ದು ಮೂರರ ನಡೆಯುಳ್ಳ ಹಾಡು. ಜಾಝ್ ಮತ್ತು ಬ್ಲೂಸ್ ಸಂಗೀತದ ತೂಗುನಡೆ ಹುಟ್ಟುವುದು ಘಾತವನ್ನು ಮೂರಾಗಿ ಭಾವಿಸುವುದರಿಂದಲೇ. ಮೈಕಲ್ ಜಾಕ್ಸನ್‌ನ 'ದಿ ವೇ ಯು ಮೇಕ್ ಮಿ ಫೀಲ್' ಇದೇ ನಡೆಯದ್ದು. ಕನ್ನಡದವರಿಗೆ ದೂರ ಹೋಗುವ ಅಗತ್ಯವೂ ಇಲ್ಲ. ನಮ್ಮ ಸುಗಮ ಸಂಗೀತದಲ್ಲಿ ದಾದ್ರಾ ತಾಳಕ್ಕೆ ಕೂರಿಸಿದ ಭಾವಗೀತೆಗಳು ರಾಶಿಯಿವೆ. ದಾದ್ರಾದ ಆರು ಮಾತ್ರೆ ಎಂದರೆ ಮೂರು ಮೂರು, ಎಂದರೆ ಎರಡು ಗುದ್ದು. ಚೀಲದ ಆಯ್ಕೆಯೂ ಇದರೊಂದಿಗೆ ಸೇರಿಕೊಂಡಿದೆ. ದೊಡ್ಡ ಚೀಲ ನಿಧಾನ, ಚಿಕ್ಕದು ಚುರುಕು. ಗಾಳಿ ಬಿಗಿಯಾಗಿ ತುಂಬಿದರೆ ಪುಟಿತ ಬೇಗ, ತುಸು ಸಡಿಲಿಸಿದರೆ ಸಾವಕಾಶ. ಹಾಡಿನ ಕಾಲಪ್ರಮಾಣ ನೋಡಿಕೊಂಡು ಚೀಲವನ್ನು ಶ್ರುತಿ ಮಾಡಿಕೊಳ್ಳಬೇಕಾಗುತ್ತದೆ.

ಮೂರರ ನಡೆ ಆರಂಭ ಮಾತ್ರ. ಚೀಲವನ್ನು ಒಂದೇ ಬದಿಯಿಂದ ಹೊಡೆಯುತ್ತ ಹೋದರೆ ನಡುವಿನ ಬಡಿತಗಳ ಎಣಿಕೆ ಯಾವಾಗಲೂ ಬೆಸ: ಒಂದು, ಮೂರು, ಐದು. ಈಚೆಯಿಂದ ಮುಷ್ಟಿಯಲ್ಲಿ ಹೊಡೆದು ಮುಂದಿನ ಏಟನ್ನು ಆಚೆ ಬದಿಯಿಂದ ಮೊಣಕೈಯಲ್ಲಿ ಕೊಟ್ಟರೆ ಎಣಿಕೆ ಸಮವಾಗುತ್ತದೆ, ಸಾಮಾನ್ಯವಾಗಿ ಎರಡು. ಅಲನ್ ಕಾನ್ ಎಂಬ ಅಮೆರಿಕದ ಲೇಖಕರು 'ದಿ ಸ್ಪೀಡ್ ಬ್ಯಾಗ್ ಬೈಬಲ್' ಎಂಬ ಪುಸ್ತಕದಲ್ಲಿ ಮುಷ್ಟಿ, ಮೊಣಕೈಗಳ ಇಂಥ ಜೋಡಣೆಗಳನ್ನು ಪಾಠದ ಮೇಲೆ ಪಾಠವಾಗಿ ಬಿಡಿಸಿಟ್ಟಿದ್ದಾರೆ. ನಮ್ಮ ತಾಳದ ಲೆಕ್ಕ ಬಲ್ಲವರಿಗೆ ಇಲ್ಲಿ ಬೇರೊಂದು ಬಾಗಿಲು ತೆರೆಯುತ್ತದೆ. ಈಚೆಯಿಂದ ಎರಡು ಏಟು, ಆಚೆಯಿಂದ ಒಂದು: ಮೂರು, ಎರಡು, ಎರಡು, ಒಟ್ಟು ಏಳು. ತಕಿಟ ತಕದಿಮಿ; ಮಿಶ್ರ. ಈಚೆಯಿಂದ ಒಂದು, ಆಚೆಯಿಂದ ಎರಡು, ಮತ್ತೆ ಈಚೆಯಿಂದ ಒಂದು: ಎರಡು, ಮೂರು, ಎರಡು, ಮೂರು. ತಕ ತಕಿಟ ಎರಡು ಸಲ, ಖಂಡ. ಲೆಕ್ಕ ಸುಲಭ, ತೋಳಿಗೆ ಕಷ್ಟ. ಬಡಿತಗಳೂ ಯಂತ್ರದಷ್ಟು ಸಮನಾಗಿರುವುದಿಲ್ಲ. ಪ್ರತಿ ಬಡಿತದಲ್ಲೂ ಚೀಲ ಸ್ವಲ್ಪ ಶಕ್ತಿ ಕಳೆದುಕೊಳ್ಳುವುದರಿಂದ ಮೊದಲನೆಯದು ಗಟ್ಟಿ, ಕೊನೆಯದು ಮೆದು. ನಡುವಿನ ಬಿಡುವೂ ಕೂದಲೆಳೆಯಷ್ಟು ಹಿಗ್ಗುತ್ತದೆ. ಒಳ್ಳೆಯ ಕೈ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಇಷ್ಟು ಸೂಕ್ಷ್ಮವಿರುವ ಕೆಲಸವನ್ನು ಬರೀ ಚಮತ್ಕಾರ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಒಂದು ಕಾಲಕ್ಕೆ ಇದು ಟಿಕೆಟ್ ಕೊಂಡು ನೋಡುವ ಕಲೆಯೇ ಆಗಿತ್ತು. 19ನೆಯ ಶತಮಾನದ ಕೊನೆ ಮತ್ತು 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಮೆರಿಕದ ವಾಡೆವಿಲ್ ರಂಗಮಂದಿರಗಳಲ್ಲಿ ಗಾಯಕರು, ಜಾದೂಗಾರರು, ಹಾಸ್ಯಗಾರರ ಸಾಲಿನಲ್ಲೇ ಚೀಲ ಗುದ್ದುವವರೂ ಬರುತ್ತಿದ್ದರು. ಒಂದಕ್ಕಿಂತ ಹೆಚ್ಚು ಚೀಲಗಳನ್ನು ಒಟ್ಟಿಗೆ ನಡೆಸುವವರು, ತಲೆ ಮೊಣಕೈಗಳನ್ನೂ ಬಳಸುವವರು ಅವರಲ್ಲಿದ್ದರು, ಹೆಂಗಸರೂ ಇದ್ದರು. ರಿಂಗಿಗೆ ಹೆಣ್ಣನ್ನು ಬಿಟ್ಟುಕೊಳ್ಳದ ಕಾಲದಲ್ಲಿ ಈ ಚೀಲ ಬಿಟ್ಟುಕೊಂಡಿತ್ತು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ವಾಡೆವಿಲ್ ಅಳಿದ ಮೇಲೆ ಚೀಲ ಜಿಮ್ಮಿನ ಮೂಲೆಗೆ ಸೇರಿತು, ಪ್ರೇಕ್ಷಕರಿಲ್ಲದೆ ಉಳಿಯಿತು.

ಆದರೆ ಸಂಗೀತ ರಿಂಗಿನ ನೆರೆಯನ್ನು ಬಿಟ್ಟು ಹೋಗಲಿಲ್ಲ. 1908ರಲ್ಲಿ ಸಿಡ್ನಿಯಲ್ಲಿ ಟಾಮಿ ಬರ್ನ್ಸ್‌ನನ್ನು ಸೋಲಿಸಿ ಹೆವಿವೇಟ್ ಪಟ್ಟ ಗೆದ್ದ ಮೊದಲ ಕರಿಯ ಜ್ಯಾಕ್ ಜಾನ್ಸನ್ ದೊಡ್ಡ ಬಾಸ್ ಪಿಟೀಲು ನುಡಿಸುತ್ತಿದ್ದ. ಹಾರ್ಲೆಮ್‌ನಲ್ಲಿ ಅವನು ತೆರೆದ ಕ್ಲಬ್ಬೇ ಕೈ ಬದಲಾಗಿ ಮುಂದೆ ಜಾಝ್ ಸಂಗೀತದ ಹೆಸರಾಂತ ಕಾಟನ್ ಕ್ಲಬ್ ಆಯಿತು. ಶುಗರ್ ರೇ ರಾಬಿನ್ಸನ್ ಬಾಲ್ಯದಲ್ಲಿ ನ್ಯೂಯಾರ್ಕಿನ ಬೀದಿಗಳಲ್ಲಿ ಕುಣಿದು ಚಿಲ್ಲರೆ ಸಂಪಾದಿಸಿದವನು. 1952ರ ಕೊನೆಗೆ ಬಾಕ್ಸಿಂಗ್ ಬಿಟ್ಟು ನರ್ತಕನಾಗಿಯೇ ರಂಗ ಹತ್ತಿದ, 1955ರಲ್ಲಿ ಮರಳಿ ಬಂದು ಅದೇ ವರ್ಷ ಮಿಡಲ್‌ವೇಟ್ ಪಟ್ಟವನ್ನು ಮತ್ತೆ ಗೆದ್ದ. ಬಾಕ್ಸಿಂಗಿನಲ್ಲಿ ಲಯವೇ ಎಲ್ಲ ಎಂದು ನಂಬಿದ್ದ ಮನುಷ್ಯ ಅವನು, ಬದುಕಿನುದ್ದಕ್ಕೂ ಆ ನಂಬಿಕೆಯಂತೆ ನಡೆದ. ಸೆರೆಮನೆಯಲ್ಲಿ ಬಾಕ್ಸಿಂಗ್ ಕಲಿತು 1962ರಲ್ಲಿ ಚಾಂಪಿಯನ್ ಆದ ಸನ್ನಿ ಲಿಸ್ಟನ್, ಎದುರಾಳಿಗಳು ಹೆಸರು ಕೇಳಿಯೇ ಹೆದರುತ್ತಿದ್ದ ಭಾರೀ ಮುಷ್ಟಿಯವನು, 'ನೈಟ್ ಟ್ರೈನ್' ಎಂಬ ಬ್ಲೂಸ್ ತಟ್ಟೆ ಹಾಕಿಕೊಂಡು ಹಗ್ಗ ಜಿಗಿಯುತ್ತಿದ್ದ. ಅದರ ನಡೆ ಮೂರರದ್ದೇ.

ಇಲ್ಲೊಂದು ಹೊಂದಿಕೆ ಕುತೂಹಲದ್ದು. 1867ರಲ್ಲಿ ಪ್ರಕಟವಾದ ಕ್ವೀನ್ಸ್‌ಬರಿ ನಿಯಮಗಳು ಒಂದು ರೌಂಡಿಗೆ ಮೂರು ನಿಮಿಷ, ನಡುವೆ ಒಂದು ನಿಮಿಷ ವಿರಾಮ ಎಂದು ಗೊತ್ತುಮಾಡಿದವು. ಮುಂದೆ ಬಂದ ಹತ್ತಿಂಚಿನ ಗ್ರಾಮೊಫೋನ್ ತಟ್ಟೆಯ ಒಂದು ಮಗ್ಗುಲೂ ಸುಮಾರು ಮೂರು ನಿಮಿಷದ್ದೇ. ಒಂದು ಹಾಡು, ಒಂದು ರೌಂಡ್. ತಟ್ಟೆ ತಿರುವಿ ಹಾಕುವಷ್ಟರಲ್ಲಿ ವಿರಾಮ ಮುಗಿಯುತ್ತದೆ. ಯಾರೂ ಬೇಕೆಂದು ಮಾಡಿದ ಏರ್ಪಾಟಲ್ಲ ಇದು. ಆದರೂ ಗಂಟೆ ಬಾರಿಸುವ ಗಡಿಯಾರಕ್ಕಿಂತ ಹಾಡಿನ ಅಳತೆಯಲ್ಲಿ ರೌಂಡ್ ಕಳೆಯುವುದು ಕಲಿಯುವವರಿಗೆ ಹೆಚ್ಚು ಹೇಳುತ್ತದೆ. ಗಡಿಯಾರ ತೋರಿಸುವುದು ಉಳಿದ ಸಮಯವನ್ನಷ್ಟೆ. ಹಾಡಿನಲ್ಲಿ ಪಲ್ಲವಿ ಮರಳುತ್ತದೆ, ಚರಣ ಏರುತ್ತದೆ. ಆ ಏರಿನಲ್ಲೂ ಗುದ್ದಿನ ತೂಕ ಏರದಂತೆ ನೋಡಿಕೊಳ್ಳಬೇಕಾಗುತ್ತದೆ.

ಸಂಗೀತಗಾರರ ಕಡೆಯಿಂದಲೂ ಇದೇ ದಾರಿಯಲ್ಲಿ ನಡೆದು ಬಂದವರಿದ್ದಾರೆ. ಜಾಝ್ ತುತ್ತೂರಿಯ ಮೈಲ್ಸ್ ಡೇವಿಸ್ 1950ರ ದಶಕದ ಮೊದಲಲ್ಲಿ ಹೆರಾಯಿನ್ ಚಟಕ್ಕೆ ಬಿದ್ದಿದ್ದ. ಬಾಕ್ಸಿಂಗ್ ಕಲಿಯಬೇಕೆಂದು ಹೋದಾಗ ತರಬೇತುದಾರ ಬಾಬಿ ಮೆಕ್ವಿಲನ್ ಚಟವಿರುವವನಿಗೆ ಕಲಿಸುವುದಿಲ್ಲ ಎಂದು ವಾಪಸು ಕಳಿಸಿದ. ರಾಬಿನ್ಸನ್ನನ ಶಿಸ್ತನ್ನು ಕಣ್ಣೆದುರು ಇಟ್ಟುಕೊಂಡು ಚಟ ಬಿಟ್ಟೆ ಎಂದು ಮೈಲ್ಸ್ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಆಮೇಲೆ ಮೆಕ್ವಿಲನ್‌ನ ಬಳಿ ಕಲಿತ, ಜಿಮ್ಮಿಗೆ ಹೋಗುವುದನ್ನು ಬಹುಕಾಲ ಉಳಿಸಿಕೊಂಡ. 1971ರಲ್ಲಿ ಬಂದ ಅವನ 'ಎ ಟ್ರಿಬ್ಯೂಟ್ ಟು ಜ್ಯಾಕ್ ಜಾನ್ಸನ್' ಬಾಕ್ಸರ್ ಒಬ್ಬನ ಕುರಿತ ಸಾಕ್ಷ್ಯಚಿತ್ರಕ್ಕಾಗಿ ಮಾಡಿದ ಸಂಗೀತ. ಬಾಕ್ಸರುಗಳು ಕಾಲು ಸರಿಸುವ ರೀತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಅವನು ಅದನ್ನು ಕಟ್ಟಿದ. ಊದುವ ಒಬ್ಬ ಕಲಾವಿದನಿಗೆ ಗುದ್ದಿನಲ್ಲಿ ಪಾಠವಿದೆ ಎನ್ನಿಸಿದ್ದರೆ, ಗುದ್ದುವವರಿಗೆ ಊದುವಿಕೆಯಲ್ಲಿ ಪಾಠವಿಲ್ಲ ಎಂದು ಹೇಗೆ ಹೇಳುವುದು?

ಹಾಗೆ ನೋಡಿದರೆ ಕಾದಾಟ ಮತ್ತು ವಾದ್ಯ ಎಲ್ಲ ಕಡೆಯೂ ಬೇರೆಬೇರೆಯಾಗಿಲ್ಲ. ಥಾಯ್ಲೆಂಡಿನ ಮುಯ್ ಥಾಯ್ ಪಂದ್ಯದಲ್ಲಿ ಇಂದಿಗೂ ರಿಂಗಿನ ಬದಿಯಲ್ಲಿ ಕುಳಿತ ವಾದಕರು ಊದುವ ವಾದ್ಯ, ಜೋಡಿ ಮದ್ದಳೆ, ತಾಳ ಹಿಡಿದು ನುಡಿಸುತ್ತಾರೆ, ಕಾದಾಟ ಬಿಸಿಯಾದಂತೆ ಗತಿಯನ್ನು ಏರಿಸುತ್ತಾರೆ. ಬ್ರೆಜಿಲಿನ ಕಪೋಯಿರಾದಲ್ಲಿ ಬೆರಿಂಬಾವ್ ಎಂಬ ಒಂಟಿತಂತಿಯ ವಾದ್ಯ ಯಾವ ನಡೆಯನ್ನು ಹಿಡಿಯುತ್ತದೋ ಆಟಗಾರರು ಆ ನಡೆಗೆ ಆಡಬೇಕು.

ಇನ್ನು ಆಕ್ಷೇಪಗಳು. ಅವನ್ನು ಹಗುರವಾಗಿ ಕಾಣಲಾಗದು, ಏಕೆಂದರೆ ಹೇಳುವವರು ಅನುಭವಸ್ಥರು. ಮೊದಲನೆಯದು, ಸ್ಪೀಡ್ ಬ್ಯಾಗನ್ನು ಗುದ್ದುವ ರೀತಿ ರಿಂಗಿನ ಗುದ್ದಿನ ರೀತಿಯಲ್ಲ. ಇಲ್ಲಿ ಮುಷ್ಟಿ ಸಣ್ಣ ಸಣ್ಣ ವೃತ್ತ ಬರೆಯುತ್ತದೆ, ಹಲವು ಸಲ ಮುಷ್ಟಿಯ ಪಕ್ಕ ತಾಗುತ್ತದೆ. ಸೊಂಟ ತಿರುಗುವುದಿಲ್ಲ, ಕಾಲು ನೂಕುವುದಿಲ್ಲ. ಇದು ನಿಜ. ಸ್ಪೀಡ್ ಬ್ಯಾಗ್ ಗುದ್ದಿ ಯಾರೂ ಒಳ್ಳೆಯ ಗುದ್ದು ಕಲಿಯಲಾರರು. ಅದಕ್ಕೆ ಹೆವಿ ಬ್ಯಾಗ್ ಇದೆ, ಕೋಚ್ ಹಿಡಿಯುವ ಪ್ಯಾಡ್ ಇದೆ. ಸ್ಪೀಡ್ ಬ್ಯಾಗ್ ಕೊಡುವುದು ಕೈಯನ್ನು ಕೆಳಗಿಳಿಸದೆ ನಿಲ್ಲುವ ಭುಜದ ತಾಳ್ಮೆ, ಎಡಬಲ ಕೈಗಳ ಸರಿಸಮತೆ, ಮತ್ತು ಸಮಯದ ಅರಿವು. ಅದರಿಂದ ಬೇರೇನನ್ನೋ ಬಯಸಿ, ಅದು ಸಿಗಲಿಲ್ಲವೆಂದು ದೂರುವುದು ಸರಿಯಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಆಳದ್ದು. ಕಾದಾಟವೆಂದರೆ ಲಯವನ್ನು ಮುರಿಯುವುದು. ಒಂದೇ ಲಯದಲ್ಲಿ ಗುದ್ದುವವನನ್ನು ಎದುರಾಳಿ ಎರಡನೆಯ ರೌಂಡಿನೊಳಗೆ ಓದಿಬಿಡುತ್ತಾನೆ. ಹಾಡಿಗೆ ಒಗ್ಗಿದ ಕೈ ಹಾಡಿನ ಕೈದಿಯಾಗುತ್ತದೆ. ಬ್ರೂಸ್ ಲೀ ತನ್ನ ಟಿಪ್ಪಣಿಗಳಲ್ಲಿ ಮುರಿದ ಲಯಕ್ಕೆ ದೊಡ್ಡ ಸ್ಥಾನ ಕೊಟ್ಟಿದ್ದ. ಮೇಲೂ ಕೆಳಗೂ ಕಟ್ಟಿದ ಡಬಲ್ ಎಂಡ್ ಬ್ಯಾಗ್ ಹೇಗೆ ಮರಳುತ್ತದೆಂದು ಊಹಿಸುವುದು ಕಷ್ಟವಾದ್ದರಿಂದ ಅದೇ ಮೇಲು ಎನ್ನುವ ಕೋಚ್‌ಗಳಿದ್ದಾರೆ.

ಮುರಿಯಬೇಕು ಎಂಬುದನ್ನು ಒಪ್ಪುತ್ತೇನೆ. ಆದರೆ ಮುರಿಯುವುದಕ್ಕೆ ಮೊದಲು ಕೈಯಲ್ಲಿ ಒಂದು ಲಯ ಇರಬೇಕಲ್ಲವೆ? ಕಛೇರಿಯಲ್ಲಿ ಗಾಯಕರು ತಾಳದ ಘಾತಕ್ಕೆ ಮೊದಲೋ ನಂತರವೋ ಎತ್ತಿಕೊಳ್ಳುವ ಅತೀತ, ಅನಾಗತ ಎಡುಪುಗಳು ನಮ್ಮನ್ನು ಮುಟ್ಟುವುದು ತಾಳ ಅವರೊಳಗೆ ಅಲುಗಾಡದೆ ನಿಂತಿರುವುದರಿಂದ. ತಾಳ ಬಾರದವರು ಎಡವಿದರೆ ಅದು ಎಡುಪಾಗುವುದಿಲ್ಲ. ರಿಂಗಿನಲ್ಲೂ ಅಷ್ಟೇ. ಎದುರಾಳಿಗೆ ಒಂದು ಲಯವನ್ನು ನಂಬಿಸಿ, ಅವನು ಅದಕ್ಕೆ ಒಗ್ಗಿದ ಗಳಿಗೆಯಲ್ಲಿ ಅರ್ಧ ಮಾತ್ರೆ ತಡೆದು ಗುದ್ದುವವನು ಲಯವನ್ನು ಅರೆದು ಕುಡಿದವನು. ಉಕ್ರೇನಿನ ವಾಸಿಲ್ ಲೊಮಾಚೆಂಕೊ 2008 ಮತ್ತು 2012ರ ಒಲಿಂಪಿಕ್ ಚಿನ್ನ ಗೆದ್ದವನು; ಬಾಲ್ಯದಲ್ಲಿ ಅವನ ತಂದೆಯೇ ಬಾಕ್ಸಿಂಗ್ ನಿಲ್ಲಿಸಿ ಕೆಲವು ವರ್ಷ ಅವನನ್ನು ಸಾಂಪ್ರದಾಯಿಕ ನೃತ್ಯ ಕಲಿಯಲು ಹಾಕಿದ್ದರು. ಅವನ ಕಾಲಿನ ಚಲನೆಯನ್ನು ಎದುರಾಳಿಗಳು ಊಹಿಸಲಾಗದೆ ಹೋದದ್ದನ್ನು ಜಗತ್ತು ನೋಡಿದೆ. ನೃತ್ಯ ಅವನನ್ನು ಲಯದ ಕೈದಿಯಾಗಿಸಲಿಲ್ಲ.

ಸಂಗೀತಕ್ಕೂ ದೇಹದ ಚಲನೆಗೂ ಇರುವ ನಂಟು ಬರೀ ಉತ್ಸಾಹದ ಮಾತಲ್ಲ. ಸುಮ್ಮನೆ ಕುಳಿತು ತಾಳವುಳ್ಳ ಸದ್ದನ್ನು ಕೇಳುವಾಗಲೂ ಮೆದುಳಿನಲ್ಲಿ ಚಲನೆಗೆ ಸಂಬಂಧಿಸಿದ ಭಾಗಗಳು ಎಚ್ಚರಗೊಳ್ಳುತ್ತವೆ ಎಂದು ಮೆದುಳಿನ ಸ್ಕ್ಯಾನ್ ಅಧ್ಯಯನಗಳು ತೋರಿಸಿವೆ. ಇಥಿಯೋಪಿಯಾದ ಹೈಲೆ ಗೆಬ್ರೆಸೆಲಾಸಿ 1998ರಲ್ಲಿ ಬರ್ಮಿಂಗ್‌ಹ್ಯಾಮಿನ ಒಳಾಂಗಣ ಕ್ರೀಡಾಂಗಣದಲ್ಲಿ 2000 ಮೀಟರ್ ವಿಶ್ವದಾಖಲೆ ಓಡಿದಾಗ ತನ್ನ ಹೆಜ್ಜೆಗೆ ಹೊಂದುವ 'ಸ್ಕ್ಯಾಟ್‌ಮನ್' ಹಾಡನ್ನು ಮೈಕಿನಲ್ಲಿ ಹಾಕಿಸಿಕೊಂಡಿದ್ದ.

ಈ ನಂಟು ಹೆಚ್ಚು ಬೆಲೆಬಾಳುವುದು ದೇಹ ತನ್ನ ಲಯವನ್ನು ಕಳೆದುಕೊಂಡ ಜಾಗದಲ್ಲಿ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಚಲನೆಯನ್ನು ಆರಂಭಿಸುವ, ಸರಾಗವಾಗಿ ನಡೆಸುವ ಮೆದುಳಿನ ವ್ಯವಸ್ಥೆ ಸೊರಗುತ್ತದೆ. ಹೆಜ್ಜೆ ಕಿರಿದಾಗುತ್ತದೆ, ಕೆಲವೊಮ್ಮೆ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. 1996ರಲ್ಲಿ ಮೈಕೆಲ್ ಥೌಟ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ವಾರ ದಿನವೂ ತಾಳಬದ್ಧ ಸಂಗೀತಕ್ಕೆ ಹೆಜ್ಜೆ ಹಾಕಿ ಅಭ್ಯಾಸ ಮಾಡಿದ ರೋಗಿಗಳ ನಡಿಗೆಯ ವೇಗ ಶೇ. 25ರಷ್ಟು ಹೆಚ್ಚಿತ್ತು. ಒಳಗಿನ ತಾಳ ತಪ್ಪಿದಾಗ ಹೊರಗಿನ ತಾಳ ಆಸರೆಯಾಗುತ್ತದೆ. 2006ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಸ್ಕಾಟ್ ನ್ಯೂಮನ್ ಎಂಬ ಮಾಜಿ ಸರ್ಕಾರಿ ವಕೀಲರು ತಾವೇ ಆ ಕಾಯಿಲೆಗೆ ತುತ್ತಾದ ಮೇಲೆ 'ರಾಕ್ ಸ್ಟೆಡಿ ಬಾಕ್ಸಿಂಗ್' ಆರಂಭಿಸಿದರು. ಅಲ್ಲಿ ಯಾರೂ ಯಾರನ್ನೂ ಹೊಡೆಯುವುದಿಲ್ಲ. ಹೆವಿ ಬ್ಯಾಗ್, ಸ್ಪೀಡ್ ಬ್ಯಾಗ್, ಹೆಜ್ಜೆಯ ಅಭ್ಯಾಸ, ಅಷ್ಟೆ. ಕಾಯಿಲೆ ವಾಸಿಯಾಗುತ್ತದೆಂದು ಯಾರೂ ಹೇಳುವುದಿಲ್ಲ. ಸಮತೋಲ, ನಡಿಗೆ, ಬದುಕಿನ ನೆಮ್ಮದಿ ಸುಧಾರಿಸಬಹುದು ಎಂಬುದನ್ನು ಸಣ್ಣ ಪ್ರಮಾಣದ ಅಧ್ಯಯನಗಳು ಸೂಚಿಸಿವೆ. ನಡುಗುವ ಕೈಯೊಂದು ತಕಿಟ ತಕಿಟ ಎಂದು ಬರುವ ಚೀಲವನ್ನು ಎದುರುಗೊಂಡು ನಿಲ್ಲುವುದನ್ನು ಚಮತ್ಕಾರ ಎನ್ನುವವರು ಯಾರೂ ಇರಲಾರರು.

ಇದೇ ಕಾಯಿಲೆ 1984ರಲ್ಲಿ ಮುಹಮ್ಮದ್ ಅಲಿಗೆ ಬಂದಿರುವುದು ಗೊತ್ತಾಯಿತು. ಅದಕ್ಕೆ ರಿಂಗಿನ ಏಟುಗಳು ಎಷ್ಟು ಕಾರಣ ಎಂಬುದು ವೈದ್ಯರ ಚರ್ಚೆಯಲ್ಲಿದೆ. ಆದರೆ ತಲೆಗೆ ಮತ್ತೆ ಮತ್ತೆ ಬೀಳುವ ಏಟು ಮೆದುಳನ್ನು ಕೆಡಿಸುತ್ತದೆ ಎಂಬುದರಲ್ಲಿ ಚರ್ಚೆಯಿಲ್ಲ. ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ವೈದ್ಯರು ಅದನ್ನು 1928ರಲ್ಲೇ ಬರೆದಿದ್ದರು. ಲಯ ಬಲ್ಲವನ ರಿಂಗ್ ಸೌಮ್ಯವಾಗಿರುತ್ತದೆ ಎಂದೂ ನಾನು ಹೇಳಲಾರೆ. ಲಯದ ಮೂರ್ತಿಯಂತಿದ್ದ ಶುಗರ್ ರೇ ರಾಬಿನ್ಸನ್ 1947ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಹೊಡೆದ ಏಟಿಗೆ ಬಿದ್ದ ಜಿಮ್ಮಿ ಡಾಯ್ಲ್ ಮತ್ತೆ ಏಳಲಿಲ್ಲ, ಆಸ್ಪತ್ರೆಯಲ್ಲಿ ತೀರಿಕೊಂಡ. ಬಾಕ್ಸಿಂಗನ್ನು ಪ್ರೀತಿಸುವವರು ಈ ಸಂಗತಿಯನ್ನು ಬದಿಗೆ ಸರಿಸಿ ಮಾತಾಡಬಾರದು. ನಾನು ಸ್ಪೀಡ್ ಬ್ಯಾಗಿನ ಪರ ಇಷ್ಟು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ. ಬಾಕ್ಸಿಂಗಿನ ಚೆಲುವಿನಲ್ಲಿ ದೊಡ್ಡ ಪಾಲು, ಎಂದರೆ ಕೈಯ ಚುರುಕು, ನಿಲುವಿನ ಎಚ್ಚರ, ಕಾಲದ ಮೇಲಿನ ಹಿಡಿತ, ಯಾರ ತಲೆಗೂ ಏಟು ಬೀಳದೆ ಇಲ್ಲಿ ಸಿಗುತ್ತದೆ. ರಿಂಗಿಗೆ ಹೋಗುವವರಿಗೆ ಇದು ಮೆಟ್ಟಿಲು. ಹೋಗದವರಿಗೆ ಇದೇ ಮನೆಯಾಗಬಹುದು. ವಾಡೆವಿಲ್ ಕಾಲದ ಆ ಹೆಂಗಸರಿಗೆ ಆದಂತೆ.

ಆದ್ದರಿಂದ ಬಾಕ್ಸಿಂಗ್ ಕಲಿಸುವವರಲ್ಲಿ ನನ್ನ ಕೋರಿಕೆ ಇಷ್ಟು. ಸ್ಪೀಡ್ ಬ್ಯಾಗನ್ನು ಬೆವರು ಬರಿಸುವ ಸರಂಜಾಮು ಎಂದು ಮೂಲೆಗೆ ನೇತುಹಾಕಬೇಡಿ. ವಾರದಲ್ಲಿ ಒಂದು ಹೊತ್ತನ್ನಾದರೂ ಮೂರರ ನಡೆಯ ಹಾಡಿಗೆ ಮೀಸಲಿಡಿ, ಹುಡುಗರಿಗೆ ಮೊದಲು ಕೈಯಲ್ಲಿ ತಾಳ ಹಾಕಿಸಿ, ಆಮೇಲೆ ಚೀಲದ ಮುಂದೆ ನಿಲ್ಲಿಸಿ. ತಲೆಗೆ ಏಟು ಬೀಳುತ್ತದೆಂದು ಮಕ್ಕಳನ್ನು ಬಾಕ್ಸಿಂಗಿಗೆ ಕಳಿಸಲು ಹೆದರುವ ತಂದೆತಾಯಿಗಳಿಗೆ ಈ ಚೀಲವನ್ನು ತೋರಿಸಿ. ಅವರ ಹೆದರಿಕೆ ನ್ಯಾಯವಾದದ್ದು, ಅದಕ್ಕೆ ಉತ್ತರ ಇಲ್ಲಿದೆ. ಮೃದಂಗ, ತಬಲಾ ಕಲಿಯುತ್ತಿರುವವರೂ ಒಮ್ಮೆ ಬಂದು ಏಳರ ಎಣಿಕೆಯನ್ನು ಮುಷ್ಟಿ ಮೊಣಕೈಗಳಲ್ಲಿ ಹಿಡಿಯಲು ನೋಡಲಿ. ಮತ್ತು ದಯವಿಟ್ಟು ಸ್ಪೀಕರಿನ ಸದ್ದು ತಗ್ಗಿಸಿ. ಚೀಲ ಹಲಗೆಗೆ ಬಡಿಯುವ ಮೂರೂ ಬಡಿತಗಳು ಗುದ್ದುವವರಿಗೆ ಬಿಡಿಬಿಡಿಯಾಗಿ ಕೇಳದಿದ್ದರೆ ಹಾಡು ಹಾಕಿದ್ದೂ ವ್ಯರ್ಥ, ಗುದ್ದಿದ್ದೂ ವ್ಯರ್ಥ.